ರೈಫಲ್ ತೋಟಾಗೆ ಮದ್ದು ಎಷ್ಟು ಹಾಕ್ಬಹುದು? ಗರಿಷ್ಠ ಮಿತಿ ಹುಡುಕೋ ಸುರಕ್ಷಿತ ದಾರಿ

ರೈಫಲ್ ತೋಟಾನ ಕೈಯಲ್ಲೇ ತುಂಬೋಕೆ ಶುರು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ ಇದು. "ಮ್ಯಾನುಯಲ್‌ನಲ್ಲಿ ಮ್ಯಾಕ್ಸಿಮಮ್ 45 ಗ್ರೇನ್ ಅಂತಿದೆ, ಸೀದಾ 45 ಹಾಕ್ಬಹುದಾ? ನಮ್ಮ ಫ್ರೆಂಡ್ 46 ಹಾಕ್ತಾರಂತೆ, ಏನೂ ಆಗಿಲ್ವಂತೆ." ಗ್ರೇನ್ ಅಂದ್ರೆ ಮದ್ದಿನ ತೂಕದ ಅಳತೆ, ಮ್ಯಾನುಯಲ್ ಅಂದ್ರೆ ಯಾವ ತೋಟಾಗೆ ಎಷ್ಟು ಮದ್ದು ಅಂತ ಹೇಳೋ ಪುಸ್ತಕ. ಇದೇ ಮಾತು ಮತ್ತೆ ಮತ್ತೆ ಬರ್ತಾನೇ ಇದೆ, ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡೋ ಬದ್ಲು ಪೂರ್ತಿ ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಿಮ್ಮ ರೈಫಲ್‌ಗೆ ಇಷ್ಟೇ ಗ್ರೇನ್ ಅಂತ ನಾನು ಹೇಳೋದಿಲ್ಲ, ಬೇರೆ ಯಾರಾದ್ರೂ ಹೇಳಿದ್ರೂ ಅದನ್ನ ಹಾಗೇ ತಗೊಂಡು ತುಂಬಬೇಡಿ. ಯಾಕಂದ್ರೆ ಗರಿಷ್ಠ ಅನ್ನೋದು ನಿಜವಾಗಿ ತೂಕದ ಲೆಕ್ಕ ಅಲ್ಲ, ಒತ್ತಡದ ಲೆಕ್ಕ. ಒಂದೇ ತೂಕದ ಮದ್ದು ನಿಮ್ಮ ಕೋವೀಲಿ ಒಂದು ಒತ್ತಡ ಕೊಡತ್ತೆ, ಪಕ್ಕದವರ ಕೋವೀಲಿ ಇನ್ನೊಂದು ಕೊಡತ್ತೆ. ತಕ್ಕಡಿ ತೂಕ ತೋರಿಸತ್ತೆ, ಒತ್ತಡ ತೋರಿಸಲ್ಲ. ಒತ್ತಡ ಅಳೆಯೋ ಮಷೀನು ನಮ್ಮ ಮನೇಲಿ ಇಲ್ಲ. ಹಾಗಿದ್ರೆ ಮಿತಿ ಬಂತು ಅಂತ ಗೊತ್ತಾಗೋದು ಹೇಗೆ, ಅದೇ ಈ ಬರಹದ ವಿಷಯ. ಮತ್ತೆ ನೀವಿರೋ ಕಡೆ ತೋಟಾ ತುಂಬೋಕೆ, ಮದ್ದು ಇಟ್ಕೊಳ್ಳೋಕೆ ಲೈಸೆನ್ಸ್ ಬೇಕಾ, ಎಷ್ಟು ಇಟ್ಕೋಬಹುದು, ಇದನ್ನೆಲ್ಲ ಮೊದಲು ವಿಚಾರಿಸಿಕೊಂಡೇ ಮುಂದಕ್ಕೆ ಹೋಗಿ.

ಸ್ವಲ್ಪ ಹಿನ್ನೆಲೆ, ಓದದೆ ದಾಟಬೇಡಿ

ಒಂದು ತೋಟಾದಲ್ಲಿ ನಾಲ್ಕೇ ಭಾಗ. ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕಿಡಿ ಕೊಡೋ ಪ್ರೈಮರ್, ಒಳಗೆ ಮದ್ದು ಅಂದ್ರೆ ಪೌಡರ್, ಬಾಯಲ್ಲಿ ಬುಲೆಟ್. ಮದ್ದು ಉರಿದಾಗ ಗ್ಯಾಸ್ ಆಗತ್ತೆ, ಆ ಗ್ಯಾಸು ಬುಲೆಟ್ಟನ್ನ ಮುಂದಕ್ಕೆ ನೂಕತ್ತೆ, ಅದೇ ಒತ್ತಡದಲ್ಲಿ ಕೇಸನ್ನ ಹಿಂದಕ್ಕೆ, ಬೋಲ್ಟ್ ಮೇಲೆ ನೂಕತ್ತೆ. ಬೋಲ್ಟ್ ಅಂದ್ರೆ ತೋಟಾ ಕೂರೋ ಜಾಗವಾದ ಚೇಂಬರನ್ನ ಹಿಂದಿನಿಂದ ಮುಚ್ಚೋ ಭಾಗ. ಆ ಬೋಲ್ಟ್ ಹಿಂದೆ ಇರೋದು ನಿಮ್ಮ ಮುಖ.

ಪ್ರತಿ ತೋಟಾಗೂ ಇಷ್ಟು ಒತ್ತಡ ಮೀರಬಾರದು ಅಂತ ಅಮೆರಿಕದಲ್ಲಿ ಸಾಮಿ ಅನ್ನೋ ಸಂಸ್ಥೆ, ಯುರೋಪಿನಲ್ಲಿ ಸಿಐಪಿ ಅನ್ನೋ ಸಂಸ್ಥೆ ನಿಗದಿ ಮಾಡಿವೆ. ಸಾಮಿ ಲೆಕ್ಕದಲ್ಲಿ 308 ವಿಂಚೆಸ್ಟರ್‌ಗೆ 62,000 ಪಿಎಸ್‌ಐ, 30-06 ಸ್ಪ್ರಿಂಗ್‌ಫೀಲ್ಡ್‌ಗೆ 60,000, 223 ರೆಮಿಂಗ್ಟನ್‌ಗೆ 55,000, 270 ವಿಂಚೆಸ್ಟರ್‌ಗೆ 65,000, ಹಳೇ 30-30ಗೆ 42,000. ಪಿಎಸ್‌ಐ ಅಂದ್ರೆ ಒಂದು ಚದರ ಇಂಚಿನ ಮೇಲೆ ಬೀಳೋ ಪೌಂಡ್ ಲೆಕ್ಕದ ಒತ್ತಡ. ಕಾರಿನ ಟೈರಲ್ಲಿ ಇರೋದು 32ರ ಆಸುಪಾಸು, ಅಂದ್ರೆ 308ರ ಒಳಗೆ ಅದರ 1,900 ಪಟ್ಟಿಗಿಂತ ಜಾಸ್ತಿ.

ಹಳೇ ಮ್ಯಾನುಯಲ್‌ಗಳಲ್ಲಿ ಸಿಯುಪಿ ಅನ್ನೋ ಇನ್ನೊಂದು ಅಳತೆ ಕಾಣತ್ತೆ, ತಾಮ್ರದ ಚಿಕ್ಕ ತುಂಡು ಎಷ್ಟು ಜಜ್ಜಿಹೋಯ್ತು ಅಂತ ನೋಡಿ ಹೇಳ್ತಿದ್ದ ಲೆಕ್ಕ ಅದು. ಅದನ್ನ ಪಿಎಸ್‌ಐಗೆ ಬದಲಾಯಿಸೋಕೆ ಸೂತ್ರ ಇಲ್ಲ. 308ಗೂ 223ಗೂ ಸಿಯುಪಿ ಲೆಕ್ಕದಲ್ಲಿ 52,000 ಅಂತಲೇ ಇದೆ, ಪಿಎಸ್‌ಐಗೆ ಬಂದ್ರೆ ಒಂದು 62,000 ಇನ್ನೊಂದು 55,000. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸೋಕೆ ಹೋಗಬೇಡಿ.

ಇನ್ನೊಂದು ವಿಷಯ ಚೆನ್ನಾಗಿ ತಲೇಲಿ ಕೂರಿಸ್ಕೊಳ್ಳಿ. ಮದ್ದು ಏರಿಸ್ತಾ ಹೋದಷ್ಟೂ ವೇಗ ಹೆಚ್ಚುಕಮ್ಮಿ ಒಂದೇ ಹದದಲ್ಲಿ ಏರತ್ತೆ, ಒತ್ತಡ ಹಾಗಲ್ಲ, ಅದು ಮೇಲೆ ಹೋದಷ್ಟೂ ಕಡಿದಾಗಿ ಏರತ್ತೆ. ಕೆಳಗಡೆ ಅರ್ಧ ಗ್ರೇನ್ ಏರಿಸಿದ್ರೆ ಏನೂ ಅನ್ನಿಸಲ್ಲ, ಅದೇ ಅರ್ಧ ಗ್ರೇನ್ ತುದೀಲಿ ಏರಿಸಿದ್ರೆ ಲೆಕ್ಕಾನೇ ಬೇರೆ. "ಇಲ್ಲೀವರೆಗೂ ಏನೂ ಆಗಿಲ್ವಲ್ಲ, ಇನ್ನೊಂಚೂರು" ಅನ್ನೋ ಯೋಚನೆ ಅಪಾಯ ಆಗೋದು ಇದಕ್ಕೇನೇ.

ಏನೇನು ಬೇಕು

ತುಂಬೋ ಪ್ರೆಸ್ಸು, ಕೇಸನ್ನ ಮತ್ತೆ ಅಳತೆಗೆ ತರೋ ಡೈ ಇವೆಲ್ಲ ನಿಮ್ಮ ಹತ್ರ ಇದ್ದೇ ಇರತ್ತೆ, ಅದನ್ನ ಬಿಡ್ತೀನಿ. ಮಿತಿ ಹುಡುಕೋಕೆ ಅಂತಲೇ ಬೇಕಾದ್ದು ಇವು: 0.1 ಗ್ರೇನ್‌ವರೆಗೂ ನಂಬಬಹುದಾದ ತಕ್ಕಡಿ, ಅದನ್ನ ಪರೀಕ್ಷೆ ಮಾಡೋ ಚೆಕ್ ವೇಟ್‌ಗಳು, ಉದ್ದ ಅಳೆಯೋ ಕ್ಯಾಲಿಪರ್, ಬುಲೆಟ್ ವೇಗ ಅಳೆಯೋ ಕ್ರೋನೋಗ್ರಾಫ್, ಎರಡು ಮೂರು ಕಡೆಯ ಪ್ರಕಟಿತ ಲೋಡ್ ಡೇಟಾ (ಲೋಡ್ ಅಂದ್ರೆ ಒಂದು ತೋಟಾಗೆ ಹಾಕೋ ಮದ್ದಿನ ಪ್ರಮಾಣ), ಒಂದು ನೋಟ್‌ಬುಕ್, ಒಂದು ಭೂತಗನ್ನಡಿ, ಮತ್ತೆ ಕಣ್ಣಿಗೆ ಸೇಫ್ಟಿ ಗ್ಲಾಸ್.

ಗ್ರೇನ್ ಅಂದ್ರೆ ತೂಕದ ಚಿಕ್ಕ ಅಳತೆ, ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರಾಂಗೆ ಸುಮಾರು 15.4. ಅಂದ್ರೆ 0.1 ಗ್ರೇನ್ ಅನ್ನೋದು ಆರೂವರೆ ಮಿಲಿಗ್ರಾಂ. ಗ್ರಾಂನಲ್ಲಿ ಎರಡೇ ದಶಮಾಂಶ ತೋರಿಸೋ ಮಾಮೂಲಿ ತಕ್ಕಡಿ ಈ ಕೆಲಸಕ್ಕೆ ಸಾಲಲ್ಲ. ಬುಲೆಟ್ ತೂಕಾನೂ ಗ್ರೇನಲ್ಲೇ ಹೇಳ್ತಾರೆ, ಎರಡನ್ನೂ ಕಲಸಿಕೊಳ್ಳಬೇಡಿ.

ಕ್ರೋನೋಗ್ರಾಫ್ ಇಲ್ಲದೆ ಗರಿಷ್ಠ ಹುಡುಕಬಹುದಾ ಅಂತ ತುಂಬಾ ಜನ ಕೇಳ್ತಾರೆ. ಹುಡುಕಬೇಡಿ. ಅದು ಇಲ್ಲ ಅಂದ್ರೆ ಪುಸ್ತಕದ ಆರಂಭದ ಲೋಡ್‌ನಿಂದ ಮಧ್ಯದವರೆಗೆ ಎಲ್ಲಾದ್ರೂ ಗುರಿ ಚೆನ್ನಾಗಿ ಕೂರೋ ಜಾಗ ನೋಡ್ಕೊಂಡು ಅಲ್ಲೇ ನಿಲ್ಲಿ, ಅದರಲ್ಲಿ ನಷ್ಟ ಏನೂ ಇಲ್ಲ, ಎಷ್ಟೋ ರೈಫಲ್‌ಗಳು ಅತಿ ಚೆನ್ನಾಗಿ ಗುರಿ ಹೊಡೆಯೋದು ಅಲ್ಲೇನೇ.

1. ಡೇಟಾ ಸೇರಿಸಿ, ಹೆಸರು ಅಕ್ಷರ ಅಕ್ಷರ ಓದಿ

ಮದ್ದು ತಯಾರಿಸೋ ಕಂಪನಿಯ ಡೇಟಾ ಒಂದು, ಬುಲೆಟ್ ತಯಾರಿಸೋ ಕಂಪನಿಯ ಡೇಟಾ ಒಂದು, ಕನಿಷ್ಠ ಇವೆರಡು ಇರಲಿ. ಎರಡರಲ್ಲೂ ಗರಿಷ್ಠ ಬೇರೆ ಬೇರೆ ಇದ್ದೇ ಇರತ್ತೆ, ಅದು ತಪ್ಪಲ್ಲ, ಅವರ ಬ್ಯಾರೆಲ್ ಬೇರೆ, ಕೇಸ್ ಬೇರೆ, ಮದ್ದಿನ ಲಾಟ್ ಅಂದ್ರೆ ಒಂದೇ ಸಲ ತಯಾರಾದ ಕಂತು ಬೇರೆ. ನೀವು ಕಮ್ಮಿ ಇರೋದನ್ನೇ ನಿಮ್ಮ ಮಿತಿ ಅಂತ ಹಿಡ್ಕೊಂಡು ಶುರು ಮಾಡಿ.

ಇಲ್ಲಿ ಹೆಚ್ಚು ಎಡವೋದು ಹೆಸರಲ್ಲಿ. ಐಎಂಆರ್ 4831 ಬೇರೆ, ಹಾಡ್ಜ್‌ಡನ್ ಎಚ್4831 ಬೇರೆ. 4350 ಅನ್ನೋ ನಂಬರಿನ ಮದ್ದು ಒಂದಕ್ಕಿಂತ ಹೆಚ್ಚು ಕಂಪನಿ ಮಾಡತ್ತೆ, 4895 ಕೂಡ ಹಾಗೇ. ನಂಬರ್ ಒಂದೇ ಅಂತ ಡೇಟಾ ಒಂದೇ ಅಲ್ಲ, ಉರಿಯೋ ವೇಗದಲ್ಲಿ ವ್ಯತ್ಯಾಸ ಇದೆ. ಡಬ್ಬಿ ಮೇಲಿನ ಪೂರ್ತಿ ಹೆಸರು, ಪುಸ್ತಕದಲ್ಲಿರೋ ಪೂರ್ತಿ ಹೆಸರು, ಎರಡನ್ನೂ ಬೆರಳಿಟ್ಟು ಓದಿ. ಹಾಗೇನೇ ಉರಿಯೋ ವೇಗದ ಪಟ್ಟಿ ನೋಡಿ "ಇದು ಅದಕ್ಕೆ ಹತ್ರ ಇದೆ, ಅದರ ಡೇಟಾ ಹಾಕೋಣ" ಅನ್ನಬೇಡಿ, ಆ ಪಟ್ಟಿ ಬರೀ ಯಾವುದು ಮೊದಲು ಯಾವುದು ಆಮೇಲೆ ಅನ್ನೋ ಕ್ರಮ ಹೇಳತ್ತೆ ಅಷ್ಟೇ.

ಬುಲೆಟ್ ವಿಷಯದಲ್ಲೂ ತೂಕ ಒಂದೇ ಇದ್ರೆ ಸಾಲದು. 150 ಗ್ರೇನಿನ ಸೀಸದ ಬುಲೆಟ್ಟಿಗೂ 150 ಗ್ರೇನಿನ ಪೂರ್ತಿ ತಾಮ್ರದ ಬುಲೆಟ್ಟಿಗೂ ಹೋಲಿಕೆ ಇಲ್ಲ. ತಾಮ್ರ ಹಗುರ ಆದ್ದರಿಂದ ಅದೇ ತೂಕಕ್ಕೆ ಬುಲೆಟ್ ಉದ್ದ ಆಗತ್ತೆ, ಕೇಸ್ ಒಳಗೆ ಹೆಚ್ಚು ಜಾಗ ತಿನ್ನತ್ತೆ, ಬ್ಯಾರೆಲ್‌ನಲ್ಲಿ ಉಜ್ಜೋ ರೀತೀನೂ ಬೇರೆ. ನಿಮ್ಮ ಬುಲೆಟ್ ಹೆಸರಿಗೇ ಇರೋ ಡೇಟಾ ಹುಡುಕಿ.

2. ಬದಲಾಗಬಾರದ್ದನ್ನೆಲ್ಲ ಬರೆದಿಟ್ಕೊಳ್ಳಿ

ನೋಟ್‌ಬುಕ್ಕಿನ ಒಂದು ಪುಟದ ಮೇಲ್ಗಡೆ: ಕೇಸ್ ಯಾವ ಕಂಪನಿ, ಎಷ್ಟನೇ ಸಲ ತುಂಬ್ತಿರೋದು, ಪ್ರೈಮರ್ ಯಾವುದು, ಮದ್ದಿನ ಹೆಸರು ಮತ್ತೆ ಡಬ್ಬಿ ಮೇಲಿನ ಲಾಟ್ ನಂಬರ್, ಬುಲೆಟ್ ಹೆಸರು ತೂಕ, ತೋಟಾದ ಒಟ್ಟು ಉದ್ದ. ಈ ಪಟ್ಟೀಲಿ ಯಾವ ಒಂದು ಬದಲಾದ್ರೂ ನೀವು ಹುಡುಕಿದ ಮಿತಿ ಅಲ್ಲಿಗೆ ಮುಗೀತು, ಕೆಳಗಿಳಿದು ಮತ್ತೆ ಶುರು ಮಾಡ್ಬೇಕು.

ಪ್ರೈಮರ್ ಅಷ್ಟು ದೊಡ್ಡ ವಿಷಯನಾ ಅಂದ್ರೆ ಹೌದು. ಸ್ಟ್ಯಾಂಡರ್ಡ್ ಪ್ರೈಮರ್ ಜಾಗಕ್ಕೆ ಕಿಡಿ ಜೋರಿರೋ ಮ್ಯಾಗ್ನಮ್ ಪ್ರೈಮರ್ ಹಾಕಿದ್ರೆ ಒತ್ತಡ ಏರಬಹುದು, ಮಧ್ಯದ ಲೋಡಲ್ಲಿ ಅದು ಕಾಣಿಸಲ್ಲ, ಗರಿಷ್ಠದ ಹತ್ರ ಇದ್ದವರಿಗೆ ಅದೇ ಮಿತಿ ದಾಟಿಸಿಬಿಡತ್ತೆ. ಅಂಗಡೀಲಿ ನಿಮ್ಮ ಪ್ರೈಮರ್ ಸಿಗ್ಲಿಲ್ಲ ಅಂತ ಬೇರೆ ತಂದಾಗ ಇದು ನೆನಪಿರಲಿ.

3. ಕೇಸ್‌ಗಳನ್ನ ಒಂದೇ ಸಮ ಮಾಡಿ

ಕೇಸ್ ಒಳಗಿನ ಜಾಗ ಕಮ್ಮಿ ಆದಷ್ಟೂ ಅದೇ ಮದ್ದಿಗೆ ಒತ್ತಡ ಜಾಸ್ತಿ. ಮಿಲಿಟರಿ 7.62 ಕೇಸ್‌ಗಳು ಸಾಮಾನ್ಯವಾಗಿ 308 ಕೇಸ್‌ಗಳಿಗಿಂತ ದಪ್ಪ ಗೋಡೆ, ಹೊರಗಡೆಯಿಂದ ನೋಡೋಕೆ ಎರಡೂ ಒಂದೇ. ಕಲಸಿ ತುಂಬಿದ್ರೆ ಒಂದು ಗುಂಡು ಸರಿ, ಮುಂದಿನದು ಬಿಗಿ. ಅನುಮಾನ ಇದ್ರೆ ಹಾರಿಸಿದ ಕೇಸ್ ತಗೊಂಡು ಹಳೇ ಪ್ರೈಮರ್ ಹಾಗೇ ಇರೋಕೆ ಬಿಟ್ಟು, ಬಾಯಿತನಕ ನೀರು ತುಂಬಿ ತೂಕ ಮಾಡಿ, ಖಾಲಿ ತೂಕ ಕಳೆಯಿರಿ, ಅದೇ ಆ ಕೇಸಿನ ಒಳಜಾಗದ ಅಳತೆ. ಐದಾರು ಕೇಸ್ ಹೀಗೆ ನೋಡಿದ್ರೆ ಗೊತ್ತಾಗಿಬಿಡತ್ತೆ.

ಉದ್ದಾನೂ ನೋಡಿ. ತುಂಬಿ ಹಾರಿಸಿ ಮಾಡ್ತಾ ಇದ್ರೆ ಹಿತ್ತಾಳೆ ಉದ್ದಕ್ಕೆ ಬೆಳೆಯತ್ತೆ. 308ಗೆ ಗರಿಷ್ಠ 2.015 ಇಂಚು, ಕತ್ತರಿಸಿ 2.005ಕ್ಕೆ ತರಬೇಕು, 223ಗೆ 1.760, ಕತ್ತರಿಸಿದ್ಮೇಲೆ 1.750. ಉದ್ದ ಮೀರಿದ ಕೇಸಿನ ಬಾಯಿ ಚೇಂಬರ್ ತುದಿಗೆ ಸಿಕ್ಕಿಹಾಕ್ಕೊಂಡು ಬುಲೆಟ್ಟನ್ನ ಕಚ್ಚಿ ಹಿಡಿಯತ್ತೆ, ಬಿಡೋಕೆ ಜಾಗ ಇಲ್ಲದೆ ಒತ್ತಡ ಒಮ್ಮೆಲೇ ಮೇಲಕ್ಕೆ ಹೋಗತ್ತೆ. ಮದ್ದು ಸರಿಯಾಗೇ ಹಾಕಿದ್ದೆ, ಆದ್ರೂ ಬೋಲ್ಟ್ ಬಿಗಿಯಾಯ್ತು ಅನ್ನೋರಿಗೆ ನಾನು ಮೊದಲು ಕೇಳೋದು "ಕೇಸ್ ಉದ್ದ ಅಳೆದ್ರಾ" ಅಂತಾನೇ.

4. ಬುಲೆಟ್ ಎಷ್ಟು ಒಳಗೆ ಅನ್ನೋದು ಮೊದಲೇ ತೀರ್ಮಾನ ಮಾಡಿ

ಬ್ಯಾರೆಲ್ ಒಳಗೆ ಬುಲೆಟ್ಟನ್ನ ತಿರುಗಿಸೋ ಗೆರೆಗಳಿವೆ, ರೈಫ್ಲಿಂಗ್ ಅಂತಾರೆ. ಬುಲೆಟ್ ಅದಕ್ಕೆ ತಾಗೋ ಮುಂಚೆ ಸ್ವಲ್ಪ ದೂರ ಸಲೀಸಾಗಿ ಹಾರಿ ಹೋಗ್ಬೇಕು. ಬುಲೆಟ್ಟನ್ನ ಉದ್ದಕ್ಕೆ ಬಿಟ್ಟು ಗೆರೆಗೆ ತಾಗಿಸಿಯೇ ಕೂರಿಸಿದ್ರೆ ಆರಂಭದ ತಡೆ ಜಾಸ್ತಿಯಾಗಿ ಒತ್ತಡ ಏರತ್ತೆ. ಗುರಿಗೋಸ್ಕರ ಹಾಗೆ ಮಾಡೋರು ಇದ್ದಾರೆ, ಆದ್ರೆ ಅವರು ಮದ್ದು ಇಳಿಸಿ ಮಾಡ್ತಾರೆ. ಮಿತಿ ಹುಡುಕೋವಾಗ ಪುಸ್ತಕದಲ್ಲಿ ಕೊಟ್ಟಿರೋ ಒಟ್ಟು ಉದ್ದಕ್ಕೇ ಕೂರಿಸಿ, ಆಮೇಲೆ ಅದನ್ನ ಮುಟ್ಟಬೇಡಿ. ಗುರಿ ಸುಧಾರಿಸೋಕೆ ಅಂತ ಕೊನೇಲಿ ಬುಲೆಟ್ ಮುಂದಕ್ಕೆ ತಂದ್ರೆ ನೀವು ಪಟ್ಟ ಕಷ್ಟ ಎಲ್ಲ ನೀರಲ್ಲಿ ಹೋಮ, ಮತ್ತೆ ಮೊದಲಿಂದ.

5. ಮೇಜಿನ ಮೇಲೆ ಒಂದೇ ಡಬ್ಬಿ

ತಕ್ಕಡಿ ಆನ್ ಮಾಡಿ ಬಿಸಿಯಾಗೋಕೆ ಬಿಡಿ, ಚೆಕ್ ವೇಟ್ ಇಟ್ಟು ನೋಡಿ, ನೀವು ತುಂಬೋ ತೂಕದ ಹತ್ತಿರದ ಚೆಕ್ ವೇಟ್ ಆದ್ರೆ ಒಳ್ಳೇದು. ಹತ್ತು ಹದಿನೈದು ತೋಟಾ ಆದ್ಮೇಲೆ ಇನ್ನೊಂದ್ಸಲ ನೋಡಿ. ಫ್ಯಾನ್ ಗಾಳಿ, ಪಕ್ಕದಲ್ಲಿರೋ ಮೊಬೈಲು ಎಲೆಕ್ಟ್ರಾನಿಕ್ ತಕ್ಕಡಿಯ ಲೆಕ್ಕ ಕದಲಿಸಬಹುದು.

ಮೇಜಿನ ಮೇಲೆ ಯಾವತ್ತೂ ಒಂದೇ ಮದ್ದಿನ ಡಬ್ಬಿ. ಎರಡನೇದು ಕಪಾಟಲ್ಲೇ ಇರಲಿ, ಮುಚ್ಚಳ ತೆಗೆಯೋದು ಬೇಡ, ಪಕ್ಕದಲ್ಲಿ ಇಟ್ಕೊಳ್ಳೋದೂ ಬೇಡ. ಪಿಸ್ತೂಲಿನ ಮದ್ದು ಬೇಗ ಉರಿಯತ್ತೆ, ಅದು ತಪ್ಪಿ ರೈಫಲ್ ಕೇಸ್ ತುಂಬಾ ಹೋದ್ರೆ ಕೋವಿ ಸಿಡಿದುಹೋಗತ್ತೆ, ಅದರಲ್ಲಿ ಅರ್ಧಂಬರ್ಧ ಅನ್ನೋದೇ ಇಲ್ಲ. ಕೆಲಸ ಮುಗಿದ ತಕ್ಷಣ ಮದ್ದು ಅಳೆದು ಸುರಿಯೋ ಮೆಷರ್‌ನಲ್ಲಿ ಉಳಿದ ಮದ್ದನ್ನ ಅದರ ಡಬ್ಬಿಗೇ ವಾಪಸ್ ಸುರಿದುಬಿಡಿ. ಯಾವ ಮದ್ದು ಅಂತ ಒಂಚೂರು ಅನುಮಾನ ಬಂದ್ರೂ ಅದನ್ನ ಉಪಯೋಗಿಸಬೇಡಿ, ನಷ್ಟ ಆದ್ರೆ ಆಗ್ಲಿ.

6. ಮೆಟ್ಟಿಲು ಮೆಟ್ಟಿಲಾಗಿ ತುಂಬಿ

ಪುಸ್ತಕದಲ್ಲಿ ಆರಂಭದ ಲೋಡ್ ಕೊಟ್ಟಿದ್ರೆ ಅಲ್ಲಿಂದಲೇ ಶುರು. ಗರಿಷ್ಠ ಮಾತ್ರ ಕೊಟ್ಟಿದ್ರೆ ಸಾಮಾನ್ಯ ರೂಢಿ ಅದಕ್ಕಿಂತ ಶೇಕಡ 10 ಕಮ್ಮಿ. ಒಂದು ಉದಾಹರಣೆ ತಗೊಳ್ಳಿ, ಇದು ಲೆಕ್ಕ ತೋರಿಸೋಕೆ ಮಾತ್ರ, ಯಾವ ಮದ್ದಿನ ಡೇಟಾನೂ ಅಲ್ಲ: ಗರಿಷ್ಠ 45.0 ಅಂತಿದ್ರೆ 40.5ರಿಂದ ಶುರು. ಅಲ್ಲಿಂದ 41.0, 41.5 ಹೀಗೆ ಅರ್ಧರ್ಧ ಗ್ರೇನ್, 43.5 ದಾಟಿದ ಮೇಲೆ 0.2, 0.3ರ ಮೆಟ್ಟಿಲು. 223 ಥರ ಚಿಕ್ಕ ಕೇಸ್ ಆದ್ರೆ ಮೊದಲಿಂದಲೂ 0.2 ಸಾಕು, ಚಿಕ್ಕ ಕೇಸಿಗೆ ಅರ್ಧ ಗ್ರೇನ್ ಅನ್ನೋದು ದೊಡ್ಡ ಹೆಜ್ಜೆ. ಒಂದೊಂದು ಮೆಟ್ಟಿಲಿಗೂ ಮೂರು ತೋಟಾ.

ಪ್ರತಿ ತೋಟಾದ ಮೇಲೂ ಮಾರ್ಕರ್ ಪೆನ್ನಲ್ಲಿ ತೂಕ ಬರೀರಿ. ಬಾಕ್ಸ್ ಮೇಲೆ ಮಾತ್ರ ಬರೆದ್ರೆ ಸಾಲದು, ಬಾಕ್ಸ್ ಕೈತಪ್ಪಿ ಬಿದ್ರೆ ಕೆಳಗೆ ಹರಡಿರೋ ಮೂವತ್ತು ತೋಟಾದಲ್ಲಿ ಯಾವುದು 41, ಯಾವುದು 44 ಅಂತ ದೇವರಿಗೂ ಗೊತ್ತಾಗಲ್ಲ, ಎಲ್ಲ ಬಿಚ್ಚಿ ಮತ್ತೆ ತುಂಬಬೇಕು.

ಆರಂಭದ ಲೋಡ್‌ಗಿಂತ ಇನ್ನೂ ಕಮ್ಮಿ ಹಾಕಿದ್ರೆ ಇನ್ನೂ ಸೇಫ್ ಅಲ್ವಾ ಅಂತ ಕೇಳ್ತಾರೆ. ಅಲ್ಲ. ನಿಧಾನಕ್ಕೆ ಉರಿಯೋ ಮದ್ದನ್ನ ದೊಡ್ಡ ಕೇಸಲ್ಲಿ ತೀರಾ ಕಮ್ಮಿ ಹಾಕಿದಾಗ ಒತ್ತಡ ಇಳಿಯೋ ಬದಲು ವಿಪರೀತಕ್ಕೆ ಹಾರಿ ಕೋವಿ ಹಾಳಾದ ಪ್ರಸಂಗಗಳು ವರದಿಯಾಗಿವೆ. ಇನ್ನೊಂದು ಕಡೆ ಬುಲೆಟ್ ಬ್ಯಾರೆಲ್ ಮಧ್ಯದಲ್ಲೇ ನಿಂತುಬಿಡೋ ಸಾಧ್ಯತೇನೂ ಇದೆ. ಕಮ್ಮಿ ಲೋಡ್ ಬೇಕು ಅಂದ್ರೆ ಅದಕ್ಕೇ ಅಂತ ಕಂಪನಿ ಕೊಟ್ಟಿರೋ ಡೇಟಾ ಇರೋ ಮದ್ದನ್ನೇ ತಗೊಳ್ಳಿ, ಹಾಡ್ಜ್‌ಡನ್‌ನವರು ಎಚ್4895ಗೆ ಗರಿಷ್ಠದ ಶೇಕಡ 60ರವರೆಗೂ ಇಳೀಬಹುದು ಅಂತ ಹೇಳಿದ್ದಾರೆ, ಆ ಮಾತು ಆ ಮದ್ದಿಗೆ ಮಾತ್ರ.

7. ಹಾರಿಸೋವಾಗ ವೇಗ ನೋಡಿ, ಇದೇ ಮುಖ್ಯ

ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಗುಂಡು, ಪ್ರತಿ ಗುಂಡಿಗೂ ವೇಗ ಬರೆದುಕೊಳ್ಳಿ, ಕೇಸ್ ಎತ್ತಿ ನೋಡಿ, ಆಮೇಲೆ ಮುಂದಿನದು. ಬ್ಯಾರೆಲ್ ಬಿಸಿಯಾದ್ರೆ ಆರೋಕೆ ಬಿಡಿ, ಬಿಸಿ ಚೇಂಬರಲ್ಲಿ ತೋಟಾ ಹಾಕಿ ಕೂತ್ಕೊಂಡು ಮಾತಾಡ್ಬೇಡಿ, ಮದ್ದು ಬಿಸಿಯಾದ್ರೆ ಒತ್ತಡ ಏರತ್ತೆ.

ಈಗ ಮುಖ್ಯ ಮಾತು. ಒತ್ತಡ ಇಲ್ಲದೆ ವೇಗ ಬರಲ್ಲ, ವೇಗ ಬಿಟ್ಟಿ ಸಿಗೋ ವಸ್ತು ಅಲ್ಲ. ಅದೇ ಬುಲೆಟ್, ಅದೇ ಮದ್ದಿಗೆ ಪುಸ್ತಕದವರು ಗರಿಷ್ಠ ಒತ್ತಡದಲ್ಲಿ ಯಾವ ವೇಗ ಪಡೆದ್ರೋ ಆ ವೇಗ ನಿಮಗೆ ಬಂತು ಅಂದ್ರೆ ಹೆಚ್ಚುಕಮ್ಮಿ ಆ ಒತ್ತಡಾನೂ ಬಂತು ಅಂತಲೇ ಅರ್ಥ, ನೀವು ಹಾಕಿದ ಮದ್ದು ಪುಸ್ತಕಕ್ಕಿಂತ ಒಂದು ಗ್ರೇನ್ ಕಮ್ಮಿ ಇದ್ರೂ ಸರಿ. ಅಲ್ಲಿಗೆ ನಿಮ್ಮ ಮಿತಿ ಮುಟ್ಟಿದ್ರಿ.

ಬ್ಯಾರೆಲ್ ಉದ್ದದ ಲೆಕ್ಕ ಮಾತ್ರ ಸರಿಮಾಡ್ಕೋಬೇಕು. 308 ಥರದ ತೋಟಾಗೆ ಒಂದು ಇಂಚು ಬ್ಯಾರೆಲ್ ಕಮ್ಮಿಯಾದ್ರೆ ಅಂದಾಜು 20ರಿಂದ 30 ಅಡಿ ವೇಗ ಕಮ್ಮಿ ಆಗತ್ತೆ, ಸೆಕೆಂಡಿಗೆ ಇಷ್ಟು ಅಡಿ ಅನ್ನೋ ಲೆಕ್ಕದಲ್ಲಿ. ಮೇಲಿನ ಉದಾಹರಣೇಲೇ ನೋಡೋಣ. ಪುಸ್ತಕದವರು 24 ಇಂಚಿನ ಬ್ಯಾರೆಲ್‌ನಲ್ಲಿ 45.0 ಗ್ರೇನಿಗೆ 2,700 ಅಡಿ ಅಂದಿದ್ದಾರೆ, ನಿಮ್ಮದು 20 ಇಂಚು. ನಾಲ್ಕು ಇಂಚಿಗೆ 100 ಅಡಿ ಕಳೆದ್ರೆ ನಿಮ್ಮ ಮಿತಿಯ ವೇಗ 2,600. ನೀವು 40.5ಕ್ಕೆ 2,330 ನೋಡಿದ್ರಿ, 42.5ಕ್ಕೆ 2,450, 43.5ಕ್ಕೆ 2,510, 44.0ಗೆ 2,540. ಅರ್ಧ ಗ್ರೇನಿಗೆ 30 ಅಡಿ ಅಂತ ನೆಟ್ಟಗೆ ಬರ್ತಿದೆ. ಮುಂದೆ 44.2, 44.5 ಹಾಕಿದ್ರಿ, 44.5ಕ್ಕೆ 2,570 ಬರಬೇಕಿತ್ತು, ಬಂದಿದ್ದು 2,605. ಪುಸ್ತಕದಲ್ಲಿ ಇನ್ನೂ ಅರ್ಧ ಗ್ರೇನ್ ಬಾಕಿ ಇದೆ. ಆದ್ರೂ ನಿಲ್ಲಿಸಬೇಕು. ಮಿತಿಯ ವೇಗ ಮುಟ್ಟಿದ್ದೂ ಆಯ್ತು, ಗೆರೆ ಮೇಲಕ್ಕೆ ಬಾಗಿದ್ದೂ ಆಯ್ತು, ಎರಡರಲ್ಲಿ ಒಂದೇ ಆಗಿದ್ರೂ ನಿಲ್ಲಿಸಬೇಕಿತ್ತು.

ಇದರ ಉಲ್ಟಾ ಕೂಡ ಇದೆ. ಮದ್ದು ಏರಿಸಿದ್ರೂ ವೇಗ ಏರ್ತಿಲ್ಲ, ಅಲ್ಲೇ ನಿಂತಿದೆ ಅಂದ್ರೆ "ಇನ್ನೂ ಜಾಗ ಇದೆ" ಅಂತ ತಿಳ್ಕೋಬೇಡಿ. ಏನೋ ಸರಿಯಿಲ್ಲ ಅಂತ ತಿಳ್ಕೊಂಡು ಒಂದು ಮೆಟ್ಟಿಲು ಕೆಳಗೇ ನಿಲ್ಲಿ.

8. ಹಾರಿಸಿದ ಕೇಸ್ ಓದೋದು

ಇದನ್ನ ಏಳನೇ ಹೆಜ್ಜೆ ಆದ್ಮೇಲೆ ಇಟ್ಟಿದ್ದಕ್ಕೆ ಕಾರಣ ಇದೆ. ಹೆಚ್ಚಿನವರು ಇದನ್ನೇ ಮೊದಲು ಹಿಡ್ಕೊಳ್ತಾರೆ, ಪ್ರೈಮರ್ ಚಪ್ಪಟೆ ಆಗೋವರೆಗೂ ಏರಿಸ್ತೀನಿ ಅಂತಾರೆ. ಹಿತ್ತಾಳೆ ಒತ್ತಡದ ಮೀಟರ್ ಅಲ್ಲ. ಅದು ಹೇಳೋದು "ಆಗ್ಲೇ ಮೀರಿದೆ" ಅಂತ, "ಹತ್ರ ಬಂದಿದೆ" ಅಂತ ಅಲ್ಲ. 30-30ಗೆ ಮಿತಿ 42,000, ಆದ್ರೆ ಕೇಸ್ ಮೇಲೆ ಗುರುತು ಬೀಳೋ ಹೊತ್ತಿಗೆ ಅದನ್ನ ಎಷ್ಟೋ ದಾಟಿ ಹೋಗಿರ್ತೀರಿ. ಗುರುತು ಕಂಡ್ರೆ ನಿಲ್ಲಿಸಿ, ಕಾಣ್ಲಿಲ್ಲ ಅಂದ ಮಾತ್ರಕ್ಕೆ ಸೇಫ್ ಅಂದ್ಕೋಬೇಡಿ.

ನೋಡೋ ಜಾಗ ಕೇಸಿನ ತಳ. ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡೀರಿ. ಪ್ರೈಮರಿನ ಅಂಚು ಹೊಸದರಲ್ಲಿ ದುಂಡಗಿರತ್ತೆ, ಒತ್ತಡ ಏರಿದಾಗ ಆ ದುಂಡು ಹೋಗಿ ಪ್ರೈಮರ್ ಕೂತಿರೋ ಗುಳಿಯ ಗೋಡೆಗೆ ಮೆತ್ತಿದ ಹಾಗೆ ಸಪಾಟಾಗತ್ತೆ. ಇದೊಂದನ್ನೇ ನಂಬಬೇಡಿ, ಕೆಲವು ಕಂಪನಿಯ ಪ್ರೈಮರ್ ಮೆತ್ತಗೆ, ಕೆಲವು ಗಟ್ಟಿ, ಡೈಯಲ್ಲಿ ಕೇಸನ್ನ ಅತಿಯಾಗಿ ಚಿಕ್ಕದು ಮಾಡಿದ್ರೆ ಸಾಧಾರಣ ಲೋಡಲ್ಲೂ ಚಪ್ಪಟೆ ಆಗತ್ತೆ. ಪ್ರೈಮರಿಗೆ ಫೈರಿಂಗ್ ಪಿನ್ ಬಡಿದ ಗುಂಡಿಯ ಸುತ್ತ ಜ್ವಾಲಾಮುಖಿ ಬಾಯಿ ಥರ ಅಂಚು ಎದ್ದಿದ್ರೆ ಅದನ್ನೂ ಬರ್ಕೊಳ್ಳಿ, ಆದ್ರೆ ಪಿನ್ ಓಡಾಡೋ ರಂಧ್ರ ದೊಡ್ಡದಿದ್ರೂ ಹಾಗಾಗತ್ತೆ. ಪ್ರೈಮರ್ ತೂತು ಬಿದ್ದು ಸುತ್ತ ಕರಿ ಮಸಿ ಇದ್ರೆ ಅವತ್ತಿನ ಕೆಲಸ ಅಲ್ಲಿಗೆ ಮುಗೀತು.

ನಾನು ಹೆಚ್ಚು ಬೆಲೆ ಕೊಡೋದು ಕೇಸ್ ತಳದ ಹಿತ್ತಾಳೆ ಮೇಲೆ ಬೀಳೋ ಗುರುತಿಗೆ. ಬೋಲ್ಟ್ ಮುಖದಲ್ಲಿ ಎಜೆಕ್ಟರ್ ಅನ್ನೋ, ಖಾಲಿ ಕೇಸನ್ನ ಹೊರಗೆ ಎಸೆಯೋ ಒಂದು ಪಿನ್ ಇರತ್ತೆ. ಒತ್ತಡ ಮೀರಿದಾಗ ಹಿತ್ತಾಳೆ ಆ ಪಿನ್ನಿನ ತೂತೊಳಗೆ ಉಬ್ಬತ್ತೆ, ಬೋಲ್ಟ್ ತಿರುಗಿಸಿದಾಗ ಆ ಉಬ್ಬು ಸವೆದು ಕಂಪನಿ ಹೆಸರಿನ ಅಕ್ಷರಗಳ ಮೇಲೆ ಬಿದಿಗೆ ಚಂದ್ರನ ಥರ ಒಂದು ಹೊಳೆಯೋ ಗುರುತು ಬೀಳತ್ತೆ. ಮಿಕ್ಕ ಹಿತ್ತಾಳೆ ಮಂಕಾಗಿರತ್ತೆ, ಆ ಜಾಗ ಮಾತ್ರ ಉಜ್ಜಿದ ತಂಬಿಗೆ ಥರ ಫಳಫಳ ಅನ್ನತ್ತೆ. ಬೆರಳ ಉಗುರು ಎಳೆದ್ರೆ ಸಣ್ಣ ಏರು ಸಿಗತ್ತೆ. ಇದು ಕಂಡ್ರೆ ವಾದ ಬೇಡ, ಹಿತ್ತಾಳೆ ಒತ್ತಡಕ್ಕೆ ಜಾಗ ಬಿಟ್ಟು ಜರುಗಿದೆ ಅಂತ ಅರ್ಥ, ಒತ್ತಡ ಇರಬೇಕಾದ್ದಕ್ಕಿಂತ ಮೇಲಿದೆ.

ಕೇಸ್ ಹೊರಗೆ ಬರೋ ಮುಂಚೆಯೇ ಕೈಗೇ ಗೊತ್ತಾಗೋದು ಬೋಲ್ಟ್. ದಿನಾ ಒಂದೇ ಬೆರಳಲ್ಲಿ ಏಳ್ತಿದ್ದ ಹಿಡಿ ಇವತ್ತು ಅಂಗೈ ಹಾಕಿ ಎತ್ತಬೇಕಾಗ್ತಿದೆ ಅಂದ್ರೆ ನಿಲ್ಲಿಸಿ. ಒಂದ್ಸಲ ನಾನು ತೋಟಾ ಪೆಟ್ಟಿಗೇನ ಬಿಸಿಲಲ್ಲಿ ಬಿಟ್ಟು ಹಾರಿಸಿದ್ದೆ, ಹಿಂದಿನ ವಾರ ಸಲೀಸಾಗಿದ್ದ ಅದೇ ಲೋಡಿಗೆ ಬೋಲ್ಟ್ ಕಚ್ಕೊಂಡು ಕೂತಿತ್ತು. ಉಳಿದವನ್ನೆಲ್ಲ ಮನೆಗೆ ತಂದು ಬಿಚ್ಚಿದೆ.

ಇನ್ನೊಂದು ಗುರುತು ಕಾಣೋದು ಮುಂದಿನ ಸಲ ತುಂಬೋವಾಗ. ಹೊಸ ಪ್ರೈಮರ್ ಕೂರಿಸ್ತಾ ಒತ್ತೋಕೇ ಬೇಡ ಅನ್ನೋ ಹಾಗೆ ಸಲೀಸಾಗಿ ಜಾರಿತು ಅಂದ್ರೆ ಪ್ರೈಮರ್ ಕೂರೋ ಗುಳಿ ಹಿಗ್ಗಿದೆ. ಒಂದೆರಡು ಸಲ ತುಂಬೋದರಲ್ಲೇ ಹೀಗಾದ್ರೆ ನಿಮ್ಮ ಲೋಡ್ ಜಾಸ್ತಿ. ಮ್ಯಾಕ್ಸಿಮಮ್ ಅಂತ ನೀವಂದ್ಕೊಂಡಿರೋ ಲೋಡಲ್ಲಿ ನಾಲ್ಕೈದು ಸಲ ತುಂಬಿದ ಮೇಲೂ ಗುಳಿ ಬಿಗಿ ಇರಬೇಕು. ಆ ಹೊತ್ತಲ್ಲೇ ಒಂದು ತೆಳು ತಂತಿ ತುದಿ ಬಗ್ಗಿಸಿ ಕೇಸ್ ಒಳಗೆ ಬಿಟ್ಟು ತಳದಿಂದ ಸ್ವಲ್ಪ ಮೇಲೆ ಗೋಡೆ ಸವರಿ ನೋಡಿ, ಕಾಲುವೆ ಥರ ತಗ್ಗು ಸಿಕ್ರೆ ಕೇಸ್ ಎರಡು ತುಂಡಾಗೋ ದಾರೀಲಿದೆ. ಅದು ಸಾಮಾನ್ಯವಾಗಿ ಮದ್ದಿನ ತಪ್ಪಲ್ಲ, ಡೈ ಜಾಸ್ತಿ ಒತ್ತಿ ಕೇಸಿನ ಭುಜಾನ (ಬಾಯಿ ಕೆಳಗೆ ಕೇಸ್ ಅಗಲ ಆಗೋ ಇಳಿಜಾರು) ತುಂಬಾ ಹಿಂದಕ್ಕೆ ತಳ್ಳಿದ್ದಕ್ಕೆ ಆಗೋದು. ಬೋಲ್ಟ್ ರೈಫಲ್‌ಗೆ 0.001ರಿಂದ 0.002 ಇಂಚು ತಳ್ಳಿದ್ರೆ ಸಾಕು.

9. ನಿಂತ ಮೇಲೆ ಹಿಂದಕ್ಕೆ ಬನ್ನಿ

ಮಿತಿ ಸಿಕ್ತು ಅಂದ್ರೆ ಅಲ್ಲೇ ಮನೆ ಕಟ್ಟೋದಲ್ಲ. ನಮ್ಮ ಉದಾಹರಣೇಲಿ 44.5ಕ್ಕೆ ನಿಲ್ಲಿಸಿದ್ರಿ, ಕೆಲಸದ ಲೋಡ್ 44.0 ಅಥವಾ ಅದಕ್ಕೂ ಕೆಳಗೆ. ಆ ಅರ್ಧ ಗ್ರೇನ್ ಬೇಸಿಗೆಗೆ, ತಕ್ಕಡಿಯ ಚಿಕ್ಕ ತಪ್ಪಿಗೆ, ಒಂದು ಕೇಸ್ ದಪ್ಪ ಇರೋದಕ್ಕೆ, ಬ್ಯಾರೆಲ್‌ನಲ್ಲಿ ಕಟ್ಟಿಕೊಳ್ಳೋ ಮಸಿಗೆ. ಕಳ್ಕೊಂಡಿದ್ದು 30 ಅಡಿ ವೇಗ, ಗುರಿ ಬೋರ್ಡಿಗೂ ಗೊತ್ತಾಗಲ್ಲ, ಪ್ರಾಣಿಗೂ ಗೊತ್ತಾಗಲ್ಲ. ಹತ್ತು ತೋಟಾ ಈ ಲೋಡಲ್ಲಿ ತುಂಬಿ, ನೀವು ಕೋವಿ ಉಪಯೋಗಿಸೋ ಅತಿ ಬಿಸಿ ದಿನ ಹಾರಿಸಿ ನೋಡಿ. ಅವತ್ತೂ ವೇಗ ಮಿತಿಯೊಳಗಿದ್ದು ಬೋಲ್ಟ್ ಹಗುರವಾಗಿ ಎದ್ರೆ ಅದನ್ನೇ ಪುಟದಲ್ಲಿ ಕೆಂಪು ಪೆನ್ನಲ್ಲಿ ಬರೀರಿ. ಚಳಿಗಾಲದಲ್ಲಿ ಹುಡುಕಿದ ಮಿತೀನ ಬೇಸಿಗೇಲಿ ನೋಡದೆ ನಂಬಬೇಡಿ.

ಕೆಲವು ಕೋವಿಗಳಿಗೆ ಬೇರೆ ಲೆಕ್ಕ

ತಾನಾಗೇ ಲೋಡ್ ಆಗೋ ಸೆಮಿ ಆಟೋಮ್ಯಾಟಿಕ್‌ಗಳಲ್ಲಿ ಚೇಂಬರ್ ಒತ್ತಡ ಸರಿ ಇದ್ರೂ ಸಾಲಲ್ಲ, ಗ್ಯಾಸ್ ಹೋಗೋ ತೂತಿನ ಹತ್ರ ಎಷ್ಟು ಒತ್ತಡ ಉಳಿದಿದೆ ಅನ್ನೋದೂ ಮುಖ್ಯ. ಎಂ1 ಗ್ಯಾರಂಡ್‌ಗೆ ನಿಧಾನ ಉರಿಯೋ ಮದ್ದು ಹಾಕಿದ್ರೆ ಬೋಲ್ಟನ್ನ ಹಿಂದೆ ಮುಂದೆ ಓಡಿಸೋ ಅದರ ಆಪರೇಟಿಂಗ್ ರಾಡ್ ಬಗ್ಗಿಹೋಗಬಹುದು, ಅದಕ್ಕೇ ಆ ರೈಫಲ್‌ಗೆ ಪ್ರತ್ಯೇಕ ಡೇಟಾ ಇರೋದು. ಇವುಗಳಲ್ಲಿ ಬೋಲ್ಟನ್ನ ಕೈಯಲ್ಲಿ ಎತ್ತೋದಿಲ್ಲವಾದ್ರಿಂದ ಬಿಗಿಯಾದ್ದು ಗೊತ್ತೂ ಆಗಲ್ಲ, ಹಾಗಾಗಿ ಇನ್ನೂ ಕೆಳಗೇ ಇರಿ.

ಹಳೇ ಕೋವಿ ಆದ್ರೆ ತೋಟಾ ಹೆಸರು ನೋಡಿ ಡೇಟಾ ತಗೋಬೇಡಿ, ಕೋವಿ ನೋಡಿ ತಗೊಳ್ಳಿ. 45-70ಗೆ ಪುಸ್ತಕಗಳಲ್ಲಿ ಮೂರು ಬೇರೆ ಬೇರೆ ಪಟ್ಟಿ ಕೊಡ್ತಾರೆ, 1873ರ ಟ್ರಾಪ್‌ಡೋರ್ ಥರದ ಹಳೇವಕ್ಕೆ ಒಂದು, ಈಗಿನ ಲಿವರ್ ಆಕ್ಷನ್‌ಗೆ ಒಂದು, ರುಗರ್ ನಂಬರ್ 1 ಥರ ಗಟ್ಟಿ ಕೋವಿಗೆ ಒಂದು. ತೋಟಾ ಮೂರಕ್ಕೂ ಒಂದೇ, ಮೂರರಲ್ಲೂ ಹೋಗಿ ಕೂರತ್ತೆ. ಮೂರನೇ ಪಟ್ಟಿಯ ತೋಟಾ ಮೊದಲನೇ ಕೋವಿಗೆ ಹೋದ್ರೆ ಕೋವಿ ತಡೆಯಲ್ಲ. ಮನೇಲಿ ಎರಡು ಥರದ ಕೋವಿ ಇದ್ರೆ ಗಟ್ಟಿ ಲೋಡ್ ತುಂಬಲೇಬೇಡಿ ಅಂತ ನಾನು ಹೇಳ್ತೀನಿ.

ಹೊಸ ಡಬ್ಬಿ ತಂದಾಗ

ಅದೇ ಕಂಪನಿ, ಅದೇ ಹೆಸರು, ಆದ್ರೆ ಲಾಟ್ ನಂಬರ್ ಬೇರೆ. ಕೆಲಸದ ಲೋಡಿಂದ ಶೇಕಡ 5 ಇಳಿಸಿ ಮೂರು ನಾಲ್ಕು ಮೆಟ್ಟಿಲು ಮತ್ತೆ ಹತ್ತಿ, ವೇಗ ಹಳೇ ಪುಟದ ಜೊತೆ ಹೋಲಿಸಿ. ಹೊಸ ಲಾಟು ಬಿರುಸಾಗಿದ್ರೆ ಅಲ್ಲೇ ಗೊತ್ತಾಗತ್ತೆ. ಹಳೇ ಡಬ್ಬೀಲಿ ತಳಕ್ಕೆ ಉಳಿದಿರೋದನ್ನ ಹೊಸದಕ್ಕೆ ಸುರೀಬೇಡಿ, ಬೇರೆ ಇಟ್ಟು ಮುಗಿಸಿ. ಹೊಸ ಲಾಟ್ ನಂಬರ್, ತೆರೆದ ತಾರೀಖು ಎರಡನ್ನೂ ಡಬ್ಬಿ ಮೇಲೂ ನೋಟ್‌ಬುಕ್ಕಲ್ಲೂ ಬರೆದು, ಹಳೇ ಪುಟದ ಮೇಲೆ ಒಂದು ಅಡ್ಡಗೆರೆ ಎಳೆದುಬಿಡಿ, ಆರು ತಿಂಗಳು ಬಿಟ್ಟು ತೆಗೆದಾಗ ಯಾವ ಅಂಕಿ ಯಾವ ಡಬ್ಬೀದು ಅಂತ ಗೊಂದಲ ಆಗಲ್ಲ.